ಕಣ್ಣೀರು ಪ್ರಸಾದವಾದ ಬಗೆ
(ಆವರಗೆರೆಯ ಭಕ್ತರಿಗೆ ದಯಪಾಲಿಸಿದ ಆಶೀರ್ವಚನ)



ಮನೆಯಲ್ಲಿ ಮಗು ಹಟ ಹಿಡಿದು ಅತ್ತರೆ “ನಾಟಕ ಮಾಡಬೇಡ” ಎಂದು ಗದರುತ್ತೀರಿ. ಭರತಮುನಿಗಳಾದರೋ ನಾಟ್ಯವನ್ನು ಐದನೆಯ ವೇದವೆಂದು ಕರೆದರು. ಒಂದೇ ಮಾತು ಶಾಸ್ತ್ರದಲ್ಲಿ ವೇದ, ಮನೆಯಲ್ಲಿ ಬೈಗುಳ! ಅದರಲ್ಲಿಯೂ ಕಂಪನಿ ನಾಟಕವೆಂದರೆ ಓದಿದವರಿಗೆ ತಾತ್ಸಾರ. ಎತ್ತರದ ದನಿಯ ಮಾತು, ಗಳಿಗೆಗೊಂದು ಹಾಡು, ಕೊನೆಗೆ ಅಳು, ಇಷ್ಟೇ ಎನ್ನುತ್ತಾರೆ. ಇಂಥ ನಾಟಕಗಳನ್ನು ಬರೆದ ಒಬ್ಬ ಮಹಾತ್ಮರನ್ನು ಇಂದು ನಾವು ನೆನೆಯುತ್ತೇವೆ. ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು.

ಅವರು ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದರು. ಹಸುಗೂಸಾಗಿದ್ದಾಗಲೇ ಕಣ್ಣು ಹೋಯಿತು. ಅವರನ್ನು ಕೈಹಿಡಿದು ಬೆಳೆಸಿದ ಗುರುಗಳು ಪಂಚಾಕ್ಷರಿ ಗವಾಯಿಗಳು, ಅವರೂ ಅಂಧರೇ. ಆ ಗುರುಗಳಿಗೆ ಸಂಗೀತದ ದಾರಿ ತೋರಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರವೆಲ್ಲ ಪುಟ್ಟರಾಜರ ಹೆಗಲ ಮೇಲೆ ಬಿತ್ತು. ಅಂಧರು, ಅನಾಥರು, ಅಂಗವಿಕಲರು ಆದ ಮಕ್ಕಳಿಗೆ ವಿದ್ಯೆ ಕೊಡುವುದು ಒಂದು ಮಾತು. ಎರಡು ಹೊತ್ತು ರೊಟ್ಟಿ ಕೊಡುವುದು ಇನ್ನೊಂದು ಮಾತು. ರಾಗ ಕಲಿತ ಮಾತ್ರಕ್ಕೆ ಹಸಿವು ಹಿಂಗುವುದಿಲ್ಲ.

ಆಗ ಅವರು ಕುಮಾರೇಶ್ವರರ ಹೆಸರಿನಲ್ಲಿ ನಾಟ್ಯಸಂಘವನ್ನು ಕಟ್ಟಿದರು. ತಾವೇ ನಾಟಕ ಬರೆದರು, ತಾವೇ ಆಡಿಸಿದರು. ಮೊದಲನೆಯದು ಶಿವಯೋಗಿ ಸಿದ್ಧರಾಮರ ನಾಟಕ. ಜನ ಮುಗಿಬಿದ್ದು ನೋಡಿದರು. ಬಂದ ಹಣ ಆಶ್ರಮಕ್ಕೆ ಆಸರೆಯಾಯಿತು. ಬಣ್ಣದ ಪರದೆಯನ್ನು ಕಣ್ಣಾರೆ ಕಾಣದವರು ಬರೆದದ್ದನ್ನು ಕಣ್ಣಿದ್ದವರು ಟಿಕೀಟು ಕೊಂಡು ನೋಡಿದರೆಂಬುದು ಸಣ್ಣ ಮಾತಲ್ಲ.

ಸಿದ್ಧರಾಮರ ಕಥೆ ನಿಮಗೆ ಗೊತ್ತಿದೆ. ಹೊಲದಲ್ಲಿದ್ದ ಬಾಲಕನ ಮುಂದೆ ಮಲ್ಲಯ್ಯನು ಜಂಗಮನಾಗಿ ಬಂದು ಹಸಿವೆಂದನು. ಬಾಲಕ ಅನ್ನ ತರಲು ಮನೆಗೆ ಓಡಿದ. ಮರಳಿ ಬಂದಾಗ ಮಲ್ಲಯ್ಯನಿಲ್ಲ. “ಮಲ್ಲಯ್ಯಾ” ಎಂದು ಕೂಗುತ್ತ ಶ್ರೀಶೈಲದ ಕಮರಿಯವರೆಗೂ ಹೋದ. ಹಸಿದವನಿಗೆ ಅನ್ನ ಒಯ್ದವನ ಕಥೆಯೇ ಹಸಿದ ಮಕ್ಕಳಿಗೆ ಅನ್ನ ತಂದಿತು. ನಾಟಕ ಬರೆಯುವುದು ಕಾಯಕವಾಯಿತು, ಅದರ ಗಳಿಕೆ ದಾಸೋಹವಾಯಿತು.

ನಿಮ್ಮ ದಾವಣಗೆರೆಗೂ ಈ ಪರಂಪರೆಗೂ ನಂಟುಂಟು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿ ಈ ನೆಲದ್ದು. ಅವರ ಮಗಳು ಲೀಲಾ ಅವರು ಪದ್ಮಶ್ರೀ ಪಡೆದರು. ಇದೇ ಮನೆತನದವರು ಪಂಚಾಕ್ಷರಿ ಗವಾಯಿಗಳ ಚರಿತ್ರೆಯನ್ನು 1995ರಲ್ಲಿ ಚಲನಚಿತ್ರವಾಗಿ ತಂದರು. ಅದರ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಇನ್ನು ಅಳುವಿನ ಮಾತು. ಕರುಣರಸಕ್ಕೆ ಶೋಕವೇ ಸ್ಥಾಯೀಭಾವವೆಂದು ಶಾಸ್ತ್ರ ಹೇಳುತ್ತದೆ. ಭವಭೂತಿಯಂಥ ಮಹಾಕವಿಯೂ ಕರುಣವನ್ನೇ ಹಿರಿದೆಂದು ಬಗೆದನು. ಹಾಗಿರುವಾಗ ಹಳ್ಳಿಯ ತಾಯಿ ಡೇರೆಯಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡರೆ ಅದು ಹೇಗೆ ಕೀಳಾದೀತು? ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಹೇಮರೆಡ್ಡಿ ಮಲ್ಲಮ್ಮನಿಗೆ ಅತ್ತೆ ಕೊಟ್ಟ ಕಾಟವನ್ನು ರಂಗದ ಮೇಲೆ ಕಂಡು ಬಿಕ್ಕಿಬಿಕ್ಕಿ ಅತ್ತವರು, ಮನೆಗೆ ಹೋಗಿ ತಮ್ಮ ಸೊಸೆ ತಂದ ವರದಕ್ಷಿಣೆಯನ್ನು ಎಣಿಸುತ್ತ ಕುಳಿತರೆ ಆ ಕಣ್ಣೀರಿಗೆ ಏನು ಬೆಲೆ? ಕಂಡವರ ಕುರುಡು ಮಗುವಿಗಾಗಿ ಮರುಗಿದವರು, ತಮ್ಮ ಮನೆಯ ಕುರುಡು ಮಗುವನ್ನು ನೆಂಟರ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ಕೂಡಿಸಿದರೆ ಆ ಮರುಕ ಯಾರಿಗಾಗಿ? ನಟ ಬಣ್ಣ ತೊಳೆದುಕೊಳ್ಳುವಂತೆ ನೋಡಿದವರೂ ಕರುಣೆಯನ್ನು ತೊಳೆದುಕೊಂಡರೆ, ನಾಟಕ ಮಾಡಿದವರು ಯಾರು? ರಂಗದ ಮೇಲಿದ್ದವರೋ, ಕೆಳಗೆ ಕುಳಿತವರೋ?

ಪುಟ್ಟರಾಜರು ಜನರ ಕಣ್ಣೀರನ್ನು ನೆಲಕ್ಕೆ ಬೀಳಗೊಡಲಿಲ್ಲ. ಅದನ್ನು ಮಕ್ಕಳ ತಟ್ಟೆಯ ಪ್ರಸಾದವಾಗಿಸಿದರು. 2010ರಲ್ಲಿ ಸರ್ಕಾರ ಪದ್ಮಭೂಷಣ ನೀಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಅವರ ಹಿರಿಮೆಗೆ ಪ್ರಶಸ್ತಿಗಿಂತ ದೊಡ್ಡ ಸಾಕ್ಷಿ ಆಶ್ರಮದಲ್ಲಿ ಉಂಡು ಹಾಡು ಕಲಿತ ಮಕ್ಕಳು.

ಆದುದರಿಂದ ಜಾತ್ರೆಗೆ ಕಂಪನಿ ಬಂದಾಗ ಟಿಕೀಟು ಕೊಂಡು ನೋಡಿರಿ. ಆ ಕಲಾವಿದರಿಗೂ ಹೊಟ್ಟೆಯಿದೆ. ಅಳು ಬಂದರೆ ಅಳಿರಿ, ನಾಚಬೇಡಿರಿ. ಆದರೆ ಆ ಕರುಣೆಯನ್ನು ಡೇರೆಯಲ್ಲಿಯೇ ಬಿಟ್ಟು ಬಾರದೆ ಮನೆಯ ಹೊಸ್ತಿಲೊಳಗೆ ತನ್ನಿರಿ. ಕಣ್ಣಿಲ್ಲದ ಕೂಸಿದ್ದರೆ ಶಾಲೆಗೆ ಕಳಿಸಿರಿ, ಸೊಸೆಯನ್ನು ಮಗಳೆಂದು ಕಾಣಿರಿ. ಇಂಥ ಬುದ್ಧಿಯನ್ನು ಪರಶಿವನು ನಿಮಗೆಲ್ಲ ಕರುಣಿಸಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಲ ಹಾಡುತ್ತೇವೆ.