ಭಾರವಿಲ್ಲದ ಕಡೆ ನೆತ್ತರಿನ ಹರಿವು



ಯರಗುಪ್ಪಿಯ ಎರೆಹೊಲದಲ್ಲಿ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದವರು ಥಟ್ಟನೆ ಎದ್ದರೆ ಕಣ್ಣಿಗೆ ಕತ್ತಲೆ ಕವಿಯುವುದುಂಟು. ಬಾಹ್ಯಾಕಾಶದಿಂದ ಮರಳಿದ ಯಾತ್ರಿಗಳನ್ನು ಇಬ್ಬರು ಮೂವರು ಹಿಡಿದು ನಿಲ್ಲಿಸುವುದನ್ನೂ ದೂರದರ್ಶನದಲ್ಲಿ ಕಂಡಿರುತ್ತೀರಿ. ಎರಡಕ್ಕೂ ಮೂಲ ಒಂದೇ. ನೆತ್ತರಿಗೂ ತೂಕವಿದೆ.

ನೀರಿನ ಟಾಕಿಯ ಬುಡದ ನಳದಲ್ಲಿ ನೀರು ರಭಸದಿಂದ ಬರುತ್ತದೆ, ಮೇಲಿನ ನಳದಲ್ಲಿ ಸಣ್ಣಗೆ. ನಿಂತ ಮನುಷ್ಯನ ದೇಹವೂ ಹಾಗೆಯೇ. ಅಪಧಮನಿಗಳ ಸರಾಸರಿ ಒತ್ತಡ ಹೃದಯದ ಮಟ್ಟದಲ್ಲಿ ಪಾದರಸದ ಸುಮಾರು 100 ಮಿಲಿಮೀಟರ್ ಇದ್ದರೆ, ಪಾದದಲ್ಲಿ 200ರ ಹತ್ತಿರ, ತಲೆಯಲ್ಲಿ 70ರಷ್ಟು ಮಾತ್ರ. ಎದ್ದು ನಿಂತೊಡನೆ ನೆತ್ತರು ಕಾಲಿಗಿಳಿಯದಂತೆ ರಕ್ತನಾಳಗಳು ಬಿಗಿಯಾಗುತ್ತವೆ, ಕಾಲಿನ ಸ್ನಾಯುಗಳು ಅದನ್ನು ಮೇಲಕ್ಕೆ ಒತ್ತುತ್ತವೆ, ಅಭಿಧಮನಿಗಳೊಳಗಿನ ಕವಾಟಗಳು ಹಿಂದಿರುಗದಂತೆ ತಡೆಯುತ್ತವೆ. ಈ ಕೆಲಸ ತುಸು ತಡವಾದರೆ ಕಣ್ಣು ಕತ್ತಲೆ.

ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯ ಸೆಳೆತ ಇಲ್ಲವೆಂಬುದು ತಪ್ಪು ತಿಳಿವಳಿಕೆ. 400 ಕಿಲೋಮೀಟರ್ ಎತ್ತರದಲ್ಲೂ ನೆಲದ ಮೇಲಿನ ಸೆಳೆತದ ಸುಮಾರು 90 ಭಾಗ ಉಳಿದಿರುತ್ತದೆ. ಬಾವಿಗಿಳಿಸಿದ ತುಂಬಿದ ಕೊಡದ ಹಗ್ಗ ಹರಿದರೆ ಕೊಡವೂ ನೀರೂ ಜೊತೆಯಾಗಿ ಬೀಳುತ್ತವೆ. ಬೀಳುವಷ್ಟು ಹೊತ್ತು ನೀರಿನ ಭಾರ ಕೊಡದ ತಳದ ಮೇಲಿರುವುದಿಲ್ಲ. ನಿಲ್ದಾಣವೂ ಒಳಗಿನವರೂ ಹೀಗೆ ಭೂಮಿಯ ಸುತ್ತ ಸದಾ ಬೀಳುತ್ತಲೇ ಇರುತ್ತಾರೆ.

ಅಲ್ಲಿ ನೆತ್ತರಿಗೆ ಮೇಲು ಕೆಳಗು ಇಲ್ಲ. ಪಾದದಲ್ಲೂ ತಲೆಯಲ್ಲೂ ಒತ್ತಡ ಹೆಚ್ಚು ಕಡಿಮೆ ಸಮವಾಗುತ್ತದೆ. ಕಾಲುಗಳಿಂದ ಸುಮಾರು ಎರಡು ಲೀಟರ್ ದ್ರವ ಎದೆ, ತಲೆಯ ಕಡೆ ಸರಿಯುತ್ತದೆ. ಮುಖ ಊದುತ್ತದೆ, ಮೂಗು ಕಟ್ಟುತ್ತದೆ, ಕಾಲು ಸಣ್ಣಗಾಗುತ್ತದೆ. ಎದೆಯಲ್ಲಿ ನೆತ್ತರು ತುಂಬಿದ್ದನ್ನು ಕಂಡ ದೇಹ ಅದನ್ನು ಹೆಚ್ಚೆಂದು ಬಗೆಯುತ್ತದೆ. ಬಾಯಾರಿಕೆ ಕುಗ್ಗಿ, ನೆತ್ತರಿನ ನೀರಿನಂಶ ನೂರಕ್ಕೆ 10ರಿಂದ 15ರಷ್ಟು ಇಳಿಯುತ್ತದೆ. ಕೆಲಸ ಹಗುರಾದ ಹೃದಯದ ಸ್ನಾಯುವೂ ಸೊರಗುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 11 ಯಾತ್ರಿಗಳ ಪೈಕಿ ಆರು ಜನರ ಕುತ್ತಿಗೆಯ ಎಡ ಅಭಿಧಮನಿಯಲ್ಲಿ ನೆತ್ತರು ನಿಂತಂತಿತ್ತು, ಇಲ್ಲವೆ ಹಿಮ್ಮುಖ ಹರಿದಿತ್ತು. ಒಬ್ಬರಿಗೆ ಅಲ್ಲಿಯೇ ಹೆಪ್ಪುಗಟ್ಟಿತ್ತು. ಚಿಕಿತ್ಸೆಯನ್ನೂ ಅಲ್ಲಿಯೇ ನಡೆಸಬೇಕಾಯಿತು.

ಅಲ್ಲಿಗೆ ಸರಿಹೊಂದಿದ ಈ ದೇಹ ಇಲ್ಲಿಗೆ ಸಾಲದು. ಭೂಮಿಗಿಳಿದು ನಿಂತರೆ ಕಡಿಮೆಯಾದ ನೆತ್ತರು ಕಾಲಿಗಿಳಿಯುತ್ತದೆ, ನಾಳಗಳು ಬಿಗಿಯುವ ರೂಢಿ ಮರೆತಿರುತ್ತವೆ, ತಲೆಗೆ ನೆತ್ತರು ಸಾಲದೆ ಕೆಲವರು ಮೂರ್ಛೆ ಹೋಗುತ್ತಾರೆ. ಅದಕ್ಕಾಗಿಯೇ ನಿಲ್ದಾಣದಲ್ಲಿ ದಿನಕ್ಕೆ ಎರಡು ಗಂಟೆಯಷ್ಟು ವ್ಯಾಯಾಮ, ಇಳಿಯುವ ಮುನ್ನ ಉಪ್ಪು ನೀರು, ಕಾಲಿಗೆ ಬಿಗಿ ಉಡುಪು.

1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಹಾರಿದ ರಾಕೇಶ್ ಶರ್ಮಾ, ಸಲ್ಯೂತ್-7 ನಿಲ್ದಾಣದಲ್ಲಿ ಯೋಗಾಸನಗಳು ಈ ತೊಂದರೆಗೆ ಮದ್ದಾದಾವೆಯೆಂದು ಪರೀಕ್ಷಿಸಿದರು. ಗಗನಯಾನದ ಯಾತ್ರಿಗಳ ಆಯ್ಕೆಯ ವೈದ್ಯಕೀಯ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ, 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. 2025ರ ಜೂನ್ 25ರಂದು ಹೊರಟ ಶುಭಾಂಶು ಶುಕ್ಲಾ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ಪ್ರಯೋಗಕ್ಕೆಂದು ಹೆಸರುಕಾಳು, ಮೆಂತ್ಯವೂ ಹೋಗಿ ಅಲ್ಲಿ ಮೊಳಕೆಯೊಡೆದವು.

ಇದು ನಮಗೇಕೆ ಎನ್ನುವವರಿಗೆ ಉತ್ತರ ಮನೆಯೊಳಗೇ ಇದೆ. ಬಾಹ್ಯಾಕಾಶದ ಪರಿಣಾಮ ಅರಿಯಲು ವಿಜ್ಞಾನಿಗಳು ಆರೋಗ್ಯವಂತರನ್ನು, ತಲೆಯ ಕಡೆ 6 ಡಿಗ್ರಿ ಇಳಿಜಾರಾದ ಮಂಚದ ಮೇಲೆ ವಾರಗಟ್ಟಲೆ ಮಲಗಿಸುತ್ತಾರೆ. ಅವರ ನೆತ್ತರೂ ತಗ್ಗುತ್ತದೆ, ಹೃದಯವೂ ಸೊರಗುತ್ತದೆ. ಜ್ವರವೋ ಮೂಳೆ ಮುರಿತವೋ ಆಗಿ ಹಾಸಿಗೆ ಹಿಡಿದ ಅಜ್ಜ ಅಜ್ಜಿಯರ ಪಾಡೂ ಇದೇ. ಜ್ವರ ಬಿಟ್ಟ ದಿನ ಎದ್ದು ಬಚ್ಚಲಿಗೆ ಹೊರಟು ಬಿದ್ದು ಸೊಂಟ ಮುರಿದುಕೊಳ್ಳುವುದು ಮುಪ್ಪಿನ ದೋಷ ಮಾತ್ರವಲ್ಲ, ಮಲಗಿದ್ದರ ಫಲವೂ ಹೌದು. ವೈದ್ಯರು ಒಪ್ಪಿದೊಡನೆ ಅವರನ್ನು ಕೂಡಿಸಬೇಕು, ಮಂಚದಂಚಿನಲ್ಲಿ ಕಾಲು ಇಳಿಬಿಟ್ಟು ಕೆಲವು ನಿಮಿಷ ಕಳೆಯಲು ಬಿಡಬೇಕು, ಆಮೇಲೆ ಕೈಹಿಡಿದು ನಿಲ್ಲಿಸಬೇಕು. ಬಾಹ್ಯಾಕಾಶ ಯಾತ್ರಿಗೆ ಸಲ್ಲುವ ಈ ಆರೈಕೆಗೆ ಮನೆಯಲ್ಲಿ ಯಂತ್ರ ಬೇಡ, ಹಣ ಬೇಡ. ಹತ್ತಿರ ಒಬ್ಬರಿದ್ದರೆ ಸಾಕು.