ತೃಪ್ತಿಯ ಗುರುತು



ಎಂಬತ್ತು ದಾಟಿದ ನನ್ನ ತಾಯಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಮೂರೂ ಇವೆ. ಕಳೆದ ವರ್ಷ ಬಡಾವಣೆಯ ಚಿಕಿತ್ಸಾಲಯದಲ್ಲಿ ರೋಗಿಗಳ ಅಭಿಪ್ರಾಯ ಕೇಳುವ ಹಾಳೆಯೊಂದನ್ನು ಕೊಟ್ಟರು. ‘ತೃಪ್ತಿಯಾಗಿದೆ ಅಂತ ಬರಿಯಪ್ಪ, ಡಾಕ್ಟರು ಸಿಡುಕಲಿಲ್ಲ, ಮಾತ್ರೆಯೂ ಸಿಕ್ಕಿತು’ ಎಂದರು ತಾಯಿ. ಗುರುತು ಹಾಕಿದೆ.

ಮನೆಯಲ್ಲಿ ಔಷಧಗಳನ್ನು ಹರಡಿ ನೋಡಿದರೆ, ಎಂದೋ ಬೇರೊಬ್ಬ ತಜ್ಞರು ಬರೆದ ನೋವಿನ ಮಾತ್ರೆ ಇನ್ನೂ ನಡೆದೇ ಇತ್ತು. ಇಂಥ ಮಾತ್ರೆಗಳಲ್ಲಿ ಹಲವು ರಕ್ತದೊತ್ತಡವನ್ನು ಏರಿಸುತ್ತವೆ. ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕಂತೂ ಹೆಚ್ಚು ಅಪಾಯ. ಇತ್ತ ಒತ್ತಡ ಇಳಿಯದೆಂದು ಅದರ ಔಷಧವನ್ನು ಹೆಚ್ಚಿಸುತ್ತಲೇ ಇದ್ದರು. ಮೂರು ಚೀಟಿಗಳನ್ನು ಒಟ್ಟಿಗೆ ಓದಿದವರಿಲ್ಲ.

ತಪ್ಪು ವೈದ್ಯರದೊಂದೇ ಅಲ್ಲ. ತಾಯಿಗೆ ಹಿಂದಿ ಬಾರದು. ಕಾಲಿನ ಊತ, ತಲೆಸುತ್ತು, ನಿದ್ರೆಗೇಡು ಎಂದು ಅವರು ಕನ್ನಡದಲ್ಲಿ ಹೇಳಿದ ಹತ್ತು ಮಾತುಗಳನ್ನು, ಬೆನ್ನಹಿಂದಿನ ಸಾಲಿಗೆ ಅಂಜಿ, ‘ಮಂಡಿನೋವು’ ಎಂಬೊಂದೇ ಮಾತಿಗೆ ನಾನು ಇಳಿಸಿದ್ದೆ. ಕಡತಗಳ ಸಾರಾಂಶ ಬರೆದು ಪಳಗಿದ ನಾಲಗೆಯಲ್ಲವೆ!

1978ರಲ್ಲಿ ಅಲ್ಮಾ ಅಟಾದಲ್ಲಿ ಕೂಡಿದ ರಾಷ್ಟ್ರಗಳು ಪ್ರಾಥಮಿಕ ಆರೋಗ್ಯ ಸೇವೆಯನ್ನು ಜನರಿಗೆ ಮೊದಲು ಎಟುಕುವ ಸೇವೆಯೆಂದು ವರ್ಣಿಸಿದವು. ಬಹುರೋಗಿಗೆ ಎಟುಕಿದರಷ್ಟೇ ಸಾಲದು. ಅವನ ಕಾಯಿಲೆಗಳನ್ನೆಲ್ಲ ಅಲ್ಲಿ ಒಬ್ಬರು ಕೂಡಿಸಿ ನೋಡಬೇಕು. ಆ ಹಾಳೆ ಕಾದ ಹೊತ್ತನ್ನು, ಶುಚಿತ್ವವನ್ನು, ಸೌಜನ್ಯವನ್ನು ವಿಚಾರಿಸಿತ್ತು. ‘ನಿಮ್ಮ ಔಷಧಗಳನ್ನೆಲ್ಲ ಯಾರಾದರೂ ಒಟ್ಟಿಗೆ ಪರಿಶೀಲಿಸಿದರೇ?’ ಎಂದು ಕೇಳಿರಲಿಲ್ಲ. ಕೇಳಿದ್ದರೆ ತಾಯಿಯ ಉತ್ತರ ಬೇರೆಯಾಗುತ್ತಿತ್ತು.

ಮುಂದಿನ ಭೇಟಿಗೆ ಎಲ್ಲ ಮಾತ್ರೆಗಳನ್ನೂ ಕೈಚೀಲದಲ್ಲಿ ಒಯ್ದು, ಹತ್ತು ಮಾತುಗಳನ್ನೂ ಹತ್ತಾಗಿಯೇ ಹೇಳಿದೆ. ಅದೇ ವೈದ್ಯರು ತಾಳ್ಮೆಯಿಂದ ಕೇಳಿ ನೋವಿನ ಮಾತ್ರೆಯನ್ನು ನಿಲ್ಲಿಸಿದರು. ಸಾಲಿನಲ್ಲಿದ್ದವರು ಗೊಣಗಿದರು, ಅವರಲ್ಲೂ ಹಲವರ ಕೈಯಲ್ಲಿ ಎರಡು ಮೂರು ಚೀಟಿಗಳಿದ್ದವು.