ದೊಡ್ಡಮ್ಮಂಗೆ ಹೇಳ್ದೆ ಮೈಸೂರಿಗೆ ಹೋಗಿದ್ವಿ

ಬಸ್ಸಲ್ಲಿ ನೇತಾಡ್ಕೊಂಡು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ಆಫೀಸಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕದ್ದು ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಈ ವಾರ ಸಾಲದ ಬಗ್ಗೆ ಮಾತಾಡ್ತೀನಿ ಅಂದಿದ್ದೆ. ಮಾತಾಡ್ತೀನಿ. ಆದ್ರೆ ಮೈಸೂರಿನ ಮೇಲೆ ಹಾದು ಬರ್ಬೇಕು.

ನಂಗೆ ಮದುವೆ ಆಗಿ ನಾಲ್ಕು ತಿಂಗಳು. ಮನೆಯವರು ನೋಡಿ ಮಾಡಿದ ಮದುವೆ. ಬೆಂಗಳೂರಲ್ಲಿ ಎರಡು ಬೆಡ್‌ರೂಮ್ ಮನೆ, ಅತ್ತೆ, ಮಾವ, ನಾವಿಬ್ರು. ಅತ್ತೆ ಮಾವ ಒಳ್ಳೆಯವರೇ. ಆದ್ರೆ ಗೋಡೆ ತೆಳು. ಜಗಳ ಆಡೋಕೂ ವಾಟ್ಸಾಪ್ ಬೇಕು. ನಾಲ್ಕು ತಿಂಗಳಲ್ಲಿ ನಾನು ಅವರನ್ನ ಇನ್ನೂ 'ನೀವು' ಅಂತಾನೇ ಕರೀತಿದ್ದೆ ಅಂದ್ರೆ ಪರಿಸ್ಥಿತಿ ಅರ್ಥ ಮಾಡ್ಕೊಳ್ಳಿ.

ಹನಿಮೂನ್‌ಗೆ ರಜೆ ಸಿಕ್ಕಿರ್ಲಿಲ್ಲ. ಕೊನೆಗೆ ಒಂದು ಶನಿವಾರ, ಭಾನುವಾರ ಸಿಕ್ತು. ಎಲ್ಲಿಗೆ? ನಾನು ಮೈಸೂರು ಅಂದೆ. ಬಿ.ಕಾಂ ಓದಿದ ಊರು, ಮೂರು ವರ್ಷ ಬೀದಿ ಬೀದಿ ಸುತ್ತಿರೋ ಊರು. ಆದ್ರೆ ಒಂದು ತೊಂದರೆ. ಕುವೆಂಪುನಗರದಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಓದುವಾಗ ನಾನಿದ್ದದ್ದು ಅವರ ಮನೇಲೇ. ಅವರಿರೋ ಊರಲ್ಲಿ ಹೋಟೆಲ್ ರೂಮ್ ಮಾಡೋದು ಅಂದ್ರೆ, ನಮ್ಮ ಕಡೆ ಅದು ಮುಖಕ್ಕೆ ಹೊಡೆದ ಹಾಗೆ. ನಾನು ಹೇಳ್ಲೇ ಇಲ್ಲ. ಲಕ್ಷ್ಮೀಪುರಂ ಹತ್ರ 2,400 ರೂಪಾಯಿಗೆ ಒಂದು ರೂಮ್ ಬುಕ್ ಮಾಡಿ ಸುಮ್ನಾದೆ.

ಶನಿವಾರ ಬೆಳಗ್ಗೆ ಟ್ರೇನ್. ಮಂಡ್ಯದ ಕಬ್ಬಿನ ಗದ್ದೆ, ಶ್ರೀರಂಗಪಟ್ಟಣದಲ್ಲಿ ಕಾವೇರಿ, ಕೈಯಲ್ಲಿ ಕಾಫಿ. ನಾನು ಫೋನ್ ತೆಗೆದು ಲಿಸ್ಟ್ ತೋರಿಸ್ದೆ. ಅರಮನೆ, ಜಗನ್ಮೋಹನ ಅರಮನೆ, ಮೃಗಾಲಯ, ರೈಲ್ವೆ ಮ್ಯೂಸಿಯಂ, ಫಿಲೋಮಿನಾ ಚರ್ಚ್, ಗಂಟೆ ಸಮೇತ. ಅವರು ನೋಡಿ, "ಇದೇನು ಆಡಿಟ್ಟಾ?" ಅಂದ್ರು. ಆಮೇಲೆ ಮೆತ್ತಗೆ, "ಏನೂ ನೋಡೋದು ಬೇಡ, ನೀವು ಕಾಲೇಜಿಗೆ ಹೋಗ್ತಿದ್ದ ದಾರೀಲಿ ಒಂದ್ಸಲ ನಡ್ಕೊಂಡು ಹೋಗೋಣ" ಅಂದ್ರು. ಲಿಸ್ಟ್ ಅಲ್ಲೇ ಡಿಲೀಟ್ ಆಯ್ತು.

ಅವತ್ತು ನಿಜವಾಗ್ಲೂ ಏನೂ ಮಾಡ್ಲಿಲ್ಲ. ದೋಸೆ ತಿಂದ್ವಿ. ಅವರು ಮೂಲ ದಾವಣಗೆರೆಯವರು, ಹಾಗಾಗಿ "ಚೆನ್ನಾಗಿದೆ, ಆದ್ರೆ..." ಅಂತ ಶುರು ಮಾಡಿದ್ರು. ಮುಂದೆ ಕೇಳಿಸ್ಕೊಳ್ಳಲಿಲ್ಲ. ಮಧ್ಯಾಹ್ನ ಮೂರು ಗಂಟೆ ನಿದ್ದೆ. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು. ದೇವರಾಜ ಮಾರ್ಕೆಟ್‌ನಲ್ಲಿ ಎರಡು ಮೊಳ ಮಲ್ಲಿಗೆ. ಗಂಡ ಅಂದ್ರೆ ಇಷ್ಟು ಸಲೀಸಾಗಿ ಮಾತಾಡ್ತಾರಾ ಅಂತ ನಂಗೇ ಆಶ್ಚರ್ಯ.

ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ, ಮೆಟ್ಟಿಲಿಂದ. ಸುಮಾರು 1,000 ಮೆಟ್ಟಿಲು. ಮುಕ್ಕಾಲು ದಾರೀಲಿ ನಂದಿ, ದೊಡ್ಡ ದೇವರಾಜ ಒಡೆಯರ ಕಾಲದ್ದು, ಒಂದೇ ಕಲ್ಲಲ್ಲಿ ಕೆತ್ತಿರೋದು. ಅಲ್ಲಿ ಕೂತು ಸುಧಾರಿಸ್ಕೊಳ್ಳೋವಾಗ ಅವರ ಫೋನ್‌ಗೆ ಒಂದು ಮೆಸೇಜ್ ಬಂತು. ನೋಡಿ ತಕ್ಷಣ ಫೋನ್ ಮಗುಚಿ ಇಟ್ರು. ಏನು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ರು: ದಾವಣಗೆರೆ ಆರತಕ್ಷತೆಗೆ ಅಂತ 4 ಲಕ್ಷ ಪರ್ಸನಲ್ ಲೋನ್ ತಗೊಂಡಿದ್ದಾರೆ. 12 ಪರ್ಸೆಂಟ್ ಬಡ್ಡಿ, 36 ತಿಂಗಳು. ಅಪ್ಪಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ನಾಲ್ಕು ಕಂತು ಕಟ್ಟಿದ್ದಾರೆ.

ನಾನು ಬಿ.ಕಾಂ ಅಲ್ವಾ, ಕಣ್ಣೀರಿಗಿಂತ ಮೊದಲು ಲೆಕ್ಕ ಬಂತು. ಇಎಂಐ 13,286. ಮೂರು ವರ್ಷಕ್ಕೆ ಬಡ್ಡಿನೇ ಸುಮಾರು 78 ಸಾವಿರ. ಆಮೇಲೆ ಬಾಯಿಂದ ಬಂದಿದ್ದು: "ನೀನು ಯಾಕೋ ನಂಗೆ ಹೇಳ್ಲಿಲ್ಲ?"

ಇಬ್ರೂ ಒಂದು ಕ್ಷಣ ಗಪ್‌ಚುಪ್. ನಾಲ್ಕು ತಿಂಗಳಲ್ಲಿ ಮೊದಲ 'ನೀನು' ಅದು. ಅದೂ 'ಯಾಕೋ' ಸಮೇತ.

ಅವನು ಅಂದ, "ಹೇಳೋಕೆ ಮನೇಲಿ ಜಾಗ ಎಲ್ಲಿತ್ತು?"

ಕೋಪ ಇನ್ನೂ ಇತ್ತು, ಸುಳ್ಳು ಹೇಳಲ್ಲ. ಉಳಿದ ಮೆಟ್ಟಿಲು ಮಾತಿಲ್ದೆ ಹತ್ತಿದ್ವಿ. ಹತ್ತುವಾಗ ಇನ್ನೊಂದು ನೆನಪಾಯ್ತು. ಆರತಕ್ಷತೆಗೆ ಡ್ರೋನ್ ಬೇಕು, ಇಬ್ಬರು ಫೋಟೋಗ್ರಾಫರ್ ಬೇಕು ಅಂತ ಫೋನಲ್ಲಿ ಹೇಳಿದ್ದು ನಾನೇ. "ಆಯ್ತು" ಅಂದಿದ್ದ. ದುಡ್ಡು ಎಲ್ಲಿಂದ ಬರುತ್ತೆ ಅಂತ ನಾನು ಕೇಳಿರ್ಲಿಲ್ಲ.

ಮಧ್ಯಾಹ್ನ ನಾನೇ ಅಂದೆ, ಇವತ್ತು ನಿಜ ಹೇಳೋ ದಿನ, ದೊಡ್ಡಮ್ಮನ ಮನೆಗೂ ಹೋಗೋಣ. ಬಾಗಿಲು ತೆಗೆದವರೇ, "ಇದೇನೇ, ಅಳಿಯಂದ್ರನ್ನ ಕರ್ಕೊಂಡು ಬರೋಳು ಒಂದು ಫೋನ್ ಮಾಡ್ಬಾರ್ದಾ?" ಅಂದ್ರು. ನಿನ್ನೆಯಿಂದ ಹೋಟೆಲಲ್ಲಿ ಇದ್ದೀವಿ ಅಂದೆ. ಮುಖ ಸಣ್ಣದಾಯ್ತು. ಒಳಗೆ ಹೋಗಿ ಕುಕ್ಕರ್ ಇಟ್ರು. ನಾನು ಹಿಂದೇನೇ ಹೋಗಿ ನಿಂತೆ. ಬೇಳೆ ತೊಳೀತಾ ಹೇಳಿದ್ರು, "ನಾವು ಹೊಸದ್ರಲ್ಲಿ ಎಂಟು ಜನ ಇದ್ದ ಮನೇಲಿದ್ವಿ. ನಿಮ್ಮ ದೊಡ್ಡಪ್ಪ, ನಾನು ತರಕಾರಿ ತರ್ತೀವಿ ಅಂತ ಹೇಳಿ ಕೆರೆ ಏರಿ ಮೇಲೆ ಕೂತು ಬರ್ತಿದ್ವಿ. ತರಕಾರಿ ಮರೆತು ಬಂದು ಬೈಸ್ಕೊಂಡಿದ್ದೂ ಉಂಟು. ಮುಂದಿನ ಸಲ ರೂಮಲ್ಲೇ ಇರಿ. ಊಟಕ್ಕೆ ಮಾತ್ರ ಇಲ್ಲಿಗೆ ಬರ್ಬೇಕು."

ಸಂಜೆ ಏಳಕ್ಕೆ ಅರಮನೆ ದೀಪ ಹತ್ಕೊಳ್ತು. ಭಾನುವಾರ ಅಲ್ವಾ. ಸಾವಿರಾರು ಬಲ್ಬು ಒಟ್ಟಿಗೆ ಹತ್ತಿದಾಗ ಎಷ್ಟು ಸಲ ನೋಡಿದ್ರೂ ಜನ "ಓ" ಅಂತಾರೆ. ನಾನು ಅವನಿಗೆ ಕಥೆ ಹೇಳ್ದೆ. ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿ ಅವರ ಮದುವೆ ಸಮಯದಲ್ಲೇ ಬೆಂಕಿಗೆ ಸುಟ್ಟೋಯ್ತು. ಈಗಿರೋದು ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ್ದು, 1912ರಲ್ಲಿ ಮುಗೀತು, 41 ಲಕ್ಷಕ್ಕೂ ಹೆಚ್ಚು ಖರ್ಚಾಯ್ತು. ಅವನು ಕೇಳ್ಕೊಂಡು, "ಮದುವೆಗೆ ಅರಮನೆನೇ ಹೋಯ್ತು ಅಂದ್ರೆ, ನಮ್ದು ಪರವಾಗಿಲ್ಲ ಬಿಡು" ಅಂದ. ನಗು ತಡ್ಕೊಳ್ಳೋಕೆ ಆಗ್ಲಿಲ್ಲ.

ಈಗ ಸಾಲದ ವಿಷಯ. ವಾಪಸ್ ಬರೋ ಟ್ರೇನಲ್ಲಿ ಇಬ್ರೂ ಕೂತು ಬರ್ಕೊಂಡ್ವಿ. ನೀವೂ ಬರ್ಕೊಳ್ಳಿ.

ಒಂದು, ಕಂತಿನಲ್ಲಿ ಮೊದಲಿಗೆ ಬಡ್ಡಿ ಪಾಲು ಜಾಸ್ತಿ. ನಮ್ಮ ಮೊದಲ 13,286ರಲ್ಲಿ 4,000 ಬಡ್ಡಿಗೇ ಹೋಗಿದೆ. ಹಾಗಾಗಿ ಮುಂಚೆ ತೀರಿಸಿದಷ್ಟೂ ಉಳಿತಾಯ. ಆದ್ರೆ ಸಾಲದ ಪತ್ರದಲ್ಲಿ ಪ್ರೀಪೇಮೆಂಟ್ ಶುಲ್ಕ ಎಷ್ಟಿದೆ ಅಂತ ಮೊದಲು ಓದಿ.

ಎರಡು, ನಂದು ಒಂದು ಆರ್‌ಡಿ ಇದೆ, ಮುಂದಿನ ತಿಂಗಳು ಮುಗಿಯುತ್ತೆ, ಬಡ್ಡಿ 7 ಪರ್ಸೆಂಟ್. ಒಂದು ಕಡೆ 7 ಗಳಿಸಿ ಇನ್ನೊಂದು ಕಡೆ 12 ಕೊಡೋದು ಜಾಣತನ ಅಲ್ಲ. ಅದರಲ್ಲಿ 1 ಲಕ್ಷ ಈ ಸಾಲಕ್ಕೆ. ಪೂರ್ತಿ ಅಲ್ಲ, ಉಳಿದದ್ದು ನನ್ನ ಹೆಸರಲ್ಲೇ ಇರುತ್ತೆ. ಡ್ರೋನ್ ಲೆಕ್ಕ ನಂದು, ಅಷ್ಟೇ.

ಮೂರು, ಮದುವೆಗೆ ಮುಂಚೆ ಜಾತಕ ಕೇಳೋರು ಸಾಲಾನೂ ಕೇಳಿ. ಎರಡೂ ಕಡೆಯಿಂದ.

ಮಾವಂಗೆ ಅವನು ಇನ್ನೂ ಹೇಳಿಲ್ಲ. ಈ ಎಪಿಸೋಡ್ ಬರೋದ್ರೊಳಗೆ ಹೇಳ್ತೀನಿ ಅಂದಿದ್ದಾನೆ. ಅವನು ಹೇಳೋವರೆಗೂ ಇದನ್ನ ಅಪ್‌ಲೋಡ್ ಮಾಡಲ್ಲ ಅಂತ ನಾನೂ ಮಾತು ಕೊಟ್ಟಿದ್ದೀನಿ. ಸೋ, ನೀವು ಇದನ್ನ ಕೇಳ್ತಿದ್ದೀರಾ ಅಂದ್ರೆ ಅವನು ಹೇಳಿದ್ದಾನೆ ಅಂತ ಅರ್ಥ.

ಎರಡು ದಿನದ ಒಟ್ಟು ಖರ್ಚು 6,150 ರೂಪಾಯಿ. ಇದಕ್ಕೆ ಸಾಲ ಮಾಡಿಲ್ಲ. ಮುಂದಿನ ವಾರ ಸಿಗೋಣ, ನಮಸ್ಕಾರ.